ಇಬ್ಬರು ದೇವಮ್ಮರು, ಒಂದೇ ಹುಟ್ಟಿದ ದಿನ

ಸೋಮವಾರ ಮೊದಲ ಪಿರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕೂತಿದ್ದೆನಷ್ಟೆ, ನಮ್ಮ ಸಾಫ್ಟ್‌ವೇರ್ ಯೋಜನೆಯ ಸಂಯೋಜಕರ ಫೋನು ಬಂತು. ನಮಸ್ಕಾರವಿಲ್ಲ, ಚೆನ್ನಾಗಿದ್ದೀರಾ ಇಲ್ಲ. "ಮೇಡಂ, ನಿಮ್ಮ ಕಡೆಯ ಹುಡುಗಿಯೊಬ್ಬಳು ಇನ್ನೊಬ್ಬರ ಕೆಲಸ ತನ್ನದು ಅಂತ ತೋರಿಸಿದ್ದಾಳೆ. ಅವಳ ಅರ್ಜಿ ತಡೆಹಿಡಿದಿದ್ದೀವಿ" ಎಂದರು. ಹೆಸರು ಕೇಳಿದೆ. ದೇವಮ್ಮ, ತಂದೆ ಭೀಮರಾಯ, ಸುರಪುರದ ಕಾಲೇಜು, ಬಿ.ಎಸ್ಸಿ. ಕೊನೆಯ ವರ್ಷ. ನನಗೆ ಆ ಹುಡುಗಿ ಗೊತ್ತಿತ್ತು. ನಮ್ಮ ತರಬೇತಿಗೆ ಬಂದಾಗ ಪಕ್ಕದವಳ ಚಾರ್ಜರ್ ಕೇಳಲೂ ಹಿಂದೆ ಮುಂದೆ ನೋಡಿದವಳು. ಅಂಥವಳು ಕಳ್ಳಿಯಂತೆ. ಪಿತ್ತ ನೆತ್ತಿಗೇರಿತು, ಆದರೂ ಪರದೆ ನೋಡದೆ ಮಾತಾಡಬಾರದೆಂದು ಬಾಯಿ ಬಿಗಿಹಿಡಿದೆ.

ಈ ಗದ್ದಲ ತಿಳಿಯಬೇಕಾದರೆ ನಾವು ಕಟ್ಟುತ್ತಿದ್ದ ಸಾಫ್ಟ್‌ವೇರ್ ಏನೆಂದು ಮೊದಲು ಹೇಳಬೇಕು. ನಾಲ್ಕಾರು ವಿಶ್ವವಿದ್ಯಾಲಯಗಳು, ಹೊರದೇಶದ ಒಂದೆರಡೂ ಸೇರಿ, ಒಂದು ಕೂಟ ಮಾಡಿಕೊಂಡು ವಿದ್ಯಾರ್ಥಿಗಳಿಗಾಗಿ ಇ-ಪೋರ್ಟ್‌ಫೋಲಿಯೊ ಕಟ್ಟುತ್ತಿದ್ದವು. ಹುಡುಗರು ತಾವು ಮಾಡಿದ ಪ್ರಯೋಗ, ಪ್ರಾಜೆಕ್ಟು, ಫೋಟೊ, ವಿಡಿಯೊ ಎಲ್ಲವನ್ನೂ ಒಂದೆಡೆ ಇಟ್ಟು, ಇದನ್ನು ಹೀಗೆ ಮಾಡಿದೆ, ಇಲ್ಲಿ ತಪ್ಪಿದೆ ಎಂದು ತಮ್ಮ ಮಾತಿನಲ್ಲಿ ಬರೆದಿಡುವುದು. ಕೆಲಸಕ್ಕೋ ಮುಂದಿನ ಓದಿಗೋ ಅರ್ಜಿ ಹಾಕುವಾಗ ಅದರ ಲಿಂಕ್ ಕಳಿಸಿದರೆ ಆಯಿತು. ಕೋಡ್ ಯಾರೊಬ್ಬರ ಸೊತ್ತೂ ಅಲ್ಲ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ತಿದ್ದಿದ್ದು ಸರಿ ಎನಿಸಿದರೆ ಎಲ್ಲರ ಪ್ರತಿಯಲ್ಲೂ ಸೇರುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಮೂರು ಕಾಲೇಜುಗಳನ್ನು ಪ್ರಯೋಗಕ್ಕೆ ಆರಿಸಿದ್ದರು. ನಾನು ಯಾದಗಿರಿಯಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುವವಳು, ಮೂರಕ್ಕೂ ನಾನೇ ಹೊಣೆ. ನಮ್ಮ ಹುಡುಗಿಯರ ಬಾಯಲ್ಲಿ ಪೋರ್ಟ್‌ಫೋಲಿಯೊ ಸವೆದು ಸವೆದು 'ಪೋಲಿ' ಆಗಿತ್ತು. "ಮೇಡಂ, ನನ್ನ ಪೋಲಿ ತೆರಿವಲ್ದ್ರಿ" ಎಂದು ಅವರು ವರಾಂಡದಲ್ಲಿ ಹೇಳುವಾಗ ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು.

ದೇವಮ್ಮ ಅರ್ಜಿ ಹಾಕಿದ್ದು ಕೂಟದಲ್ಲಿದ್ದ ಒಂದು ವಿಶ್ವವಿದ್ಯಾಲಯದ ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ. ಒಂದು ವರ್ಷದ ತರಬೇತಿ, ಊಟ ವಸತಿ ಅವರದೇ, ಚೆನ್ನಾಗಿ ಮಾಡಿದವರನ್ನು ಅಲ್ಲೇ ಕೆಲಸಕ್ಕೂ ಇಟ್ಟುಕೊಳ್ಳುತ್ತಿದ್ದರು. ಅರ್ಜಿ ಎಂದರೆ ಪೋರ್ಟ್‌ಫೋಲಿಯೊದ ಲಿಂಕ್, ಬೇರೇನೂ ಇಲ್ಲ. ತೊಗರಿ ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಮೊಳೆತದ್ದೆಷ್ಟು, ಸೊಟ್ಟ ಮೊಳಕೆ ಎಷ್ಟು, ಕೊಳೆತದ್ದೆಷ್ಟು ಎಂದು ಅವಳು ಎರಡು ವರ್ಷದಿಂದ ಫೋಟೊ ಸಮೇತ ಹಾಕುತ್ತಾ ಬಂದಿದ್ದಳು. ನಾನು ಅದನ್ನು ತೆರೆದು ನೋಡಿದೆ. ಮೊಳಕೆಯ ಫೋಟೊ, ಅದರ ಕೆಳಗೆ ಹತ್ತಿ ಅಂಗಡಿಯೊಂದರ ಜಿಎಸ್‌ಟಿ ಲೆಕ್ಕ, ಮತ್ತೆ ಮೊಳಕೆ, ಮತ್ತೆ ಬ್ಯಾಲೆನ್ಸ್ ಶೀಟು. ಒಂದು ಪುಟದಲ್ಲಿ ಸುರಪುರದ ಕಾಲೇಜು, ಮುಂದಿನದರಲ್ಲಿ ಶಹಾಪುರದ್ದು. ನೋಡಿದವರು ಮೋಸ ಎನ್ನದೆ ಇನ್ನೇನು ಅಂದಾರು?

ಮಧ್ಯಾಹ್ನದ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ದೇವಮ್ಮ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಒಬ್ಬಳೇ ಕೂತಿದ್ದಳು. ವಿಷಯ ಅವಳಿಗೆ ಆಗಲೇ ಮುಟ್ಟಿತ್ತು. ಅತ್ತು ಮುಖ ಊದಿಸಿಕೊಂಡಿದ್ದಳು.

"ಮೇಡಂ, ಆ ಅಂಗಡಿ ಲೆಕ್ಕ ನನ್ನ ತಂಗಿದು ಅದರಿ. ಆಕಿ ಶಹಾಪುರದಾಗ ಬಿ.ಕಾಂ. ಓದ್ಲಿಕತ್ಯಾಳ. ನನ್ನ ಪೋಲಿಯೊಳಗ ಹೆಂಗ ಬಂತೋ ನನಗ ತಿಳಿವಲ್ದು."

ತಂಗಿಯ ಹೆಸರು ಕೇಳಿದೆ.

"ಆಕಿನೂ ದೇವಮ್ಮನೇ ರಿ. ನಾ ದೊಡ್ಡ ದೇವಮ್ಮ, ಆಕಿ ಸಣ್ಣ ದೇವಮ್ಮ."

ನಾನು ಹಣೆ ಚಚ್ಚಿಕೊಂಡೆ. ಶಹಾಪುರದ ಹತ್ತಿರದ ಸಗರದಲ್ಲಿ ಹುಟ್ಟಿ ಬೆಳೆದ ನನಗೆ ಇದು ಹೊಳೆಯದೇ ಹೋಯಿತಲ್ಲ. ನಮ್ಮ ಓಣಿಯಲ್ಲೇ ದೊಡ್ಡ ಬಸಪ್ಪ, ಸಣ್ಣ ಬಸಪ್ಪ ಅಣ್ಣತಮ್ಮಂದಿರಿದ್ದರು. ಮನೆದೇವರ ಹೆಸರು ಇಬ್ಬರಿಗೂ ಇಡುತ್ತಾರೆ, ಕರೆಯುವಾಗ ದೊಡ್ಡ, ಸಣ್ಣ ಎಂದು ಬೇರೆ ಮಾಡುತ್ತಾರೆ, ಶಾಲೆಗೆ ಸೇರಿಸುವಾಗ ಆ ದೊಡ್ಡ ಸಣ್ಣ ಉದುರಿಹೋಗುತ್ತದೆ. ಈ ಅಕ್ಕತಂಗಿಯರ ಹುಟ್ಟಿದ ದಿನ ಕೇಳಿದರೆ ಇಬ್ಬರದೂ ಜೂನ್ ಒಂದು. ವರ್ಷವೂ ಒಂದೇ. ಅವರ ಅಪ್ಪ ಭೀಮರಾಯಪ್ಪ ವಡಗೇರಾ ಕಡೆಯ ಕುರಿಗಾರ. ಮರಿ ಕಾಯಲು ದೊಡ್ಡವಳನ್ನು ಮನೆಯಲ್ಲೇ ಉಳಿಸಿಕೊಂಡು, ಸಣ್ಣವಳಿಗೆ ವಯಸ್ಸಾದಾಗ ಇಬ್ಬರನ್ನೂ ಒಂದೇ ದಿನ ಶಾಲೆಗೆ ಕರೆದುಕೊಂಡು ಹೋಗಿದ್ದ. ಹುಟ್ಟಿದ ತಾರೀಖು ಕೇಳಿದ ಹೆಡ್‌ಮಾಸ್ತರರಿಗೆ, ದೊಡ್ಡಾಕಿ ಹುಟ್ಟಿದಾಗ ನಮ್ಮ ಕುರಿಹಟ್ಟಿ ಹೊಳೆ ಆಚೆ ಇತ್ತು, ಸಣ್ಣಾಕಿ ಹುಟ್ಟಿದಾಗ ಈಚೆ ಇತ್ತು ಎಂದನಂತೆ. ಹೊಳೆಯ ಆಚೆ ಈಚೆಯಿಂದ ತಾರೀಖು ಹೇಗೆ ಹುಟ್ಟೀತು? ಮಾಸ್ತರರು ಇಬ್ಬರಿಗೂ ಜೂನ್ ಒಂದು ಬರೆದುಕೊಂಡರು.

ಇದರಲ್ಲಿ ಅವರ ತಪ್ಪೂ ಇಲ್ಲ. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆ ಶುರುವಾಗುವ ಜೂನ್ ಒಂದನ್ನೇ ಬರೆದುಕೊಳ್ಳುವುದು ನಮ್ಮ ಕಡೆಯ ವಾಡಿಕೆ. ನನ್ನ ಹುಟ್ಟುಹಬ್ಬ ಜೂನ್ ಒಂದು. ನನ್ನ ಯಜಮಾನರದೂ ಅದೇ, ಮೈದುನನದೂ ಅದೇ. ಆವತ್ತು ಬೆಳಿಗ್ಗೆ ಬ್ಯಾಂಕಿನವರ ಶುಭಾಶಯ ನಮ್ಮ ಮನೆಯ ಫೋನುಗಳಿಗೆಲ್ಲ ಒಟ್ಟಿಗೆ ಬಂದು, ಅತ್ತೆ ಇವತ್ತೇನು ಹಬ್ಬ ಎಂದು ಪ್ರತಿವರ್ಷ ಕೇಳುತ್ತಾರೆ.

ಇಷ್ಟರ ಮೇಲೆ ಮೊಬೈಲ್ ನಂಬರ್. ಅಕ್ಕ ತಂಗಿ ಇಬ್ಬರೂ ಕೊಟ್ಟದ್ದು ಅಪ್ಪನದು. ಓಟಿಪಿ ಬಂದಾಗ ಕುರಿ ಹಿಂದೆ ಎಲ್ಲೋ ಹೊಲದಲ್ಲಿರುವ ಅಪ್ಪನಿಗೆ ಫೋನ್ ಮಾಡುವುದು, ಅವನು ಒಂದೊಂದೇ ಅಂಕಿ ಹೇಳುವುದು. ಅಕ್ಷರ ಬಾರದು, ಅಂಕಿ ಚೆನ್ನಾಗಿ ಬರುತ್ತದೆ.

ಸಾಫ್ಟ್‌ವೇರಿನಲ್ಲಿ ಇತ್ತೀಚೆಗೆ ಒಂದು ನಿಯಮ ಸೇರಿಸಿದ್ದರು. ಒಬ್ಬರೇ ಎರಡು ಸಲ ನೋಂದಾಯಿಸಿಕೊಂಡರೆ ಗೊಂದಲವೆಂದು, ದಿನಕ್ಕೆ ನಾಲ್ಕಾರು ಸಲ ಅದು ಎಲ್ಲರ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಮೊಬೈಲ್ ಹೋಲಿಸಿ ನೋಡುತ್ತದೆ. ನಾಲ್ಕರಲ್ಲಿ ಮೂರು ಹೊಂದಿದರೆ ಇಬ್ಬರನ್ನು ಒಬ್ಬರೆಂದು ತಿಳಿದು ಒಂದು ಖಾತೆಯನ್ನು ಇನ್ನೊಂದರೊಳಗೆ ಸೇರಿಸುತ್ತದೆ. ಯಾರನ್ನೂ ಕೇಳುವುದಿಲ್ಲ, ಹೇಳುವುದಿಲ್ಲ. ಈ ಅಕ್ಕತಂಗಿಯರದು ಮೂರಲ್ಲ, ನಾಲ್ಕೂ ಹೊಂದಿತ್ತು.

ಯಾದಗಿರಿಗೆ ಬಂದವಳೇ ಎರಡು ಖಾತೆಗಳನ್ನು ಕೈಯಿಂದ ಬೇರ್ಪಡಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಒಂದಾಗಿದ್ದವು. ಸಣ್ಣವಳಿಗೆ ಗೆಳತಿಯ ನಂಬರ್ ಹಾಕಿದೆ. ಆದರೂ ಮೂರು ಹೊಂದುತ್ತದಲ್ಲ, ಮತ್ತೆ ನುಂಗಿತು. ಅಕ್ಕನ ಹೆಸರಿನ ಮುಂದೆ 'ದೊಡ್ಡ' ಎಂದು ಸೇರಿಸಿದೆ. ಹೆಸರಿನಲ್ಲಿ ಸಣ್ಣಪುಟ್ಟ ವ್ಯತ್ಯಾಸ ಲೆಕ್ಕಕ್ಕಿಲ್ಲವೆಂದು ಆ ನಿಯಮ ಬರೆದ ಪುಣ್ಯಾತ್ಮ ಮೊದಲೇ ಯೋಚಿಸಿಟ್ಟಿದ್ದ. ಒಂದು ಹಟಮಾರಿ ಕೂಸಿನ ಜೊತೆ ಹೆಣಗಿದ ಹಾಗಾಯಿತು.

ಸಂಯೋಜಕರಿಗೆ ಎಲ್ಲ ವಿವರಿಸಿದೆ. ಅವರು ಕೆಟ್ಟವರಲ್ಲ, ಅಚ್ಚುಕಟ್ಟಿನ ಮನುಷ್ಯ. ಆದರೆ ಅವರಿಗೆ ನನ್ನ ಮಾತು ನಂಬಿಕೆಯಾಗಲಿಲ್ಲ. ನಮ್ಮ ಮೂರು ಕಾಲೇಜಿನ ವಿದ್ಯಾರ್ಥಿಗಳ ಹುಟ್ಟಿದ ದಿನಗಳ ಗ್ರಾಫ್ ತೆಗೆದು ನನಗೇ ತೋರಿಸಿದರು. ವರ್ಷವೆಲ್ಲ ನೆಲಕ್ಕಂಟಿದ ಹುಲ್ಲಿನಂತೆ ಇದೆ, ಜೂನ್ ಒಂದರಲ್ಲಿ ಮಾತ್ರ ಈಚಲ ಮರದ ಹಾಗೆ ಒಂದು ಕಂಬ ಎದ್ದಿದೆ. ಇದು ಡೇಟಾ ಅಲ್ಲ ಮೇಡಂ, ಕಸ, ತುಂಬುವವರು ಬೇಜಾರಾಗಿ ಕೈಗೆ ಬಂದದ್ದು ಒತ್ತಿದ್ದಾರೆ ಎಂದರು. ಹುಡುಗಿ ಜನನ ಪ್ರಮಾಣಪತ್ರ ತಿದ್ದಿಸಿಕೊಂಡು ಬರಲಿ, ಇಲ್ಲವಾದರೆ ನಿಮ್ಮ ಮೂರೂ ಕಾಲೇಜುಗಳನ್ನು ಡೇಟಾ ಸ್ವಚ್ಛವಾಗುವವರೆಗೆ ಹೊರಗಿಡಬೇಕಾಗುತ್ತದೆ ಎಂದೂ ಸೇರಿಸಿದರು. ಪ್ರಯೋಗಾಲಯದ ಅಂತಿಮ ಪಟ್ಟಿ ಮುಂದಿನ ವಾರದ ಕೊನೆಗೆ ಹೊರಬೀಳುವುದಿತ್ತು. ಹಟ್ಟಿಯಲ್ಲಿ ಹುಟ್ಟಿದವಳಿಗೆ ಯಾವ ಜನನ ಪ್ರಮಾಣಪತ್ರ, ಯಾವ ತಿದ್ದುಪಡಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಯಮ ಇವರದು ಡೊಂಕು, ಬೈಸಿಕೊಳ್ಳುವುದು ನಮ್ಮ ಮಕ್ಕಳು.

ಬುಧವಾರ ಶಹಾಪುರದ ಕಾಲೇಜಿನಲ್ಲಿ ಕೂಡಿದೆವು. ಅಲ್ಲಿಯ ಗ್ರಂಥಪಾಲಕರು ಈ ಕೆಲಸದಲ್ಲಿ ನನಗೆ ಬಲಗೈ, ವಯಸ್ಸಿನಲ್ಲಿ ಹಿರಿಯರು, ಮಾತು ಕಡ್ಡಿ ಮುರಿದ ಹಾಗೆ. ಅಕ್ಕತಂಗಿ ಇಬ್ಬರನ್ನೂ ಕರೆಸಿದ್ದೆ. ಸಣ್ಣವಳನ್ನು ಅಂದೇ ಮೊದಲು ನೋಡಿದ್ದು. ಅಕ್ಕ ಎಷ್ಟು ಮೌನವೋ ಇವಳು ಅಷ್ಟು ಬಾಯಾಳಿ. ಕಥೆ ಕೇಳಿದ ಗ್ರಂಥಪಾಲಕರು ಕೆಂಡವಾದರು.

"ಮೇಡಂ, ಕೋಡ್ ಎಲ್ಲಾರದೂ ಅಂದ ಮ್ಯಾಲ ನಮ್ಮ ಪಾಲು ನಾವು ತಗೊಂಡು ಬರೂನು ನಡೀರಿ. ಬ್ಯಾರೆ ಸರ್ವರ್ ಹಾಕ್ಕೊಳ್ಳೂನು, ಆ ನಿಯಮ ಕಿತ್ತು ಒಗೆಯೂನು. ಅವ್ರ ಮನಿ ಅವ್ರಿಗೆ, ನಮ್ಮ ಮನಿ ನಮಗ. ಖಾಲಿಪೀಲಿ ಯಾಕ ಬೈಸ್ಕೊಬೇಕು?"

ಹಾಗೆ ಮಾಡಲು ಬರುತ್ತಿತ್ತು. ಓಪನ್ ಸೋರ್ಸ್‌ನ ಗುಣವೇ ಅದು, ಬೇಡವೆನಿಸಿದರೆ ಪ್ರತಿ ತೆಗೆದುಕೊಂಡು ಬೇರೆ ಹೂಡಬಹುದು. ಸತ್ಯ ಹೇಳುತ್ತೇನೆ, ನನಗೂ ಆಸೆಯಾಯಿತು. ಸಂಯೋಜಕರಿಗೆ ಒಂದು ಖಡಕ್ ಪತ್ರ ಬರೆದು ಹೊರಗೆ ನಡೆಯುವುದನ್ನು ಮನಸ್ಸಿನಲ್ಲೇ ಎರಡು ಸಲ ಬರೆದೂ ಬಿಟ್ಟಿದ್ದೆ. ಆಗ ದೊಡ್ಡ ದೇವಮ್ಮ ಬಾಯಿ ತೆರೆದಳು.

"ಬ್ಯಾರೆ ಆದ್ರ ನನ್ನ ಬೀಜ ಆ ಲ್ಯಾಬಿನವ್ರಿಗೆ ಕಾಣ್ತಾವೇನ್ರಿ?"

ಕಾಣುವುದಿಲ್ಲ. ಅವರು ನೋಡುವುದು ಕೂಟದ ಸರ್ವರಿನಲ್ಲಿದ್ದದ್ದನ್ನು ಮಾತ್ರ. ನಾವು ಬೇರೆಯಾದರೆ ನಮ್ಮ ಸಿಟ್ಟು ತಣ್ಣಗಾಗುತ್ತದೆ, ಅವಳ ಹೆಸರಿನ ಮುಂದೆ ಮೋಸ ಎಂದು ಬರೆದದ್ದು ಅಲ್ಲೇ ಉಳಿಯುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಗ್ರಂಥಪಾಲಕರೂ ಒಪ್ಪಿದರು. ನಾನು ಅಲ್ಲೇ ನಿಶ್ಚಯಿಸಿದೆ: ಹೊರಗೆ ಹೋಗುವುದಿಲ್ಲ, ಹುಡುಗಿಯ ತಾರೀಖನ್ನೂ ತಿದ್ದಿಸುವುದಿಲ್ಲ, ತಿದ್ದಬೇಕಾದದ್ದು ಎಲ್ಲರೂ ಬಳಸುವ ಆ ನಿಯಮವನ್ನು.

ನಾಲ್ಕು ಹೊಂದಲಿ, ನಲವತ್ತು ಹೊಂದಲಿ, ಯಂತ್ರ ತಾನಾಗಿ ಯಾರನ್ನೂ ಒಂದು ಮಾಡಕೂಡದು, ಅನುಮಾನ ಬಂದರೆ ಕೇಳಬೇಕು ಅಷ್ಟೆ. ಎರಡೂ ಖಾತೆಗಳಿಗೆ ಬೇರೆ ಬೇರೆ ಪ್ರಶ್ನೆ ಹೋಗುತ್ತದೆ: ಇದು ನೀವೇನಾ, ಬೇರೆಯವರಾ? ಎರಡೂ ಕಡೆಯಿಂದ ನಾನೇ ಎಂಬ ಉತ್ತರ ಬಂದರೆ ಮಾತ್ರ ಸೇರಿಸುವುದು. ಸೇರಿಸಿದ್ದು ತಪ್ಪಾದರೆ ಬಿಡಿಸಲೂ ಬರಬೇಕು, ಯಾವ ಕಡತ ಯಾವ ಖಾತೆಯಿಂದ ಬಂತೆಂಬ ಗುರುತು ಅಳಿಸಬಾರದು. ಕೊನೆಗೆ ಒಂದು ಹೊಸ ಜಾಗ, 'ಕರೆಯುವ ಹೆಸರು'. ದಾಖಲೆಯಲ್ಲಿ ಏನೇ ಇರಲಿ, ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ಬರೆಯಬಹುದು, ಪುಟದ ನೆತ್ತಿಯ ಮೇಲೆ ಅದೇ ಕಾಣುತ್ತದೆ. ಅದು ಗ್ರಂಥಪಾಲಕರ ಸಲಹೆ.

ಗುರುವಾರ, ಶುಕ್ರವಾರ ಕ್ಲಾಸು ಬಿಟ್ಟರೆ ಲ್ಯಾಬು, ಲ್ಯಾಬು ಬಿಟ್ಟರೆ ಕ್ಲಾಸು. ಕೋಡ್ ಬರೆದರೆ ಸಾಲದು, ಅದು ಸರಿ ಎಂದು ತೋರಿಸುವ ಪರೀಕ್ಷೆಯನ್ನೂ ಜೊತೆಗೆ ಬರೆದು ಕೊಡಬೇಕು. ನಾನು ಬರೆದ ಪರೀಕ್ಷೆಯಲ್ಲಿ ಇಬ್ಬರು ಹುಡುಗಿಯರು, ಒಂದೇ ಹೆಸರು, ಒಂದೇ ತಂದೆ, ಒಂದೇ ತಾರೀಖು, ಒಂದೇ ಮೊಬೈಲ್. ಕೊನೆಯಲ್ಲಿ ಎಣಿಸಿದಾಗ ಇಬ್ಬರೇ ಬರಬೇಕು. ಮೊದಲ ಸಲ ಒಬ್ಬಳೇ ಬಂದಳು. ಎರಡನೇ ಸಲ ಯಾರೂ ಬರಲಿಲ್ಲ, ಇಬ್ಬರನ್ನೂ ಅಳಿಸಿ ಕೂತಿದ್ದೆ. ಹಳೆಯ ನಿಯಮವನ್ನು ಇನ್ನೊಂದು ಕಡತವೂ ಕರೆಯುತ್ತಿದ್ದುದು ಆಮೇಲೆ ಸಿಕ್ಕಿತು. ಶುಕ್ರವಾರ ಸಂಜೆ ಇಬ್ಬರೂ ಬಂದರು. ನಾನು ಕುರ್ಚಿಯಿಂದೆದ್ದು ಒಬ್ಬಳೇ ಚಪ್ಪಾಳೆ ತಟ್ಟಿದ್ದನ್ನು ಲ್ಯಾಬ್ ಬಾಗಿಲು ಹಾಕಲು ಬಂದ ಅಟೆಂಡರ್ ನೋಡಿಬಿಟ್ಟ.

ಆದರೆ ಬದಲಾವಣೆ ಒಪ್ಪುವುದು ಕೂಟದ ಕೈಯಲ್ಲಿತ್ತು. ಎಲ್ಲರೂ ಓದುವ ಚರ್ಚೆಯ ಪುಟದಲ್ಲಿ ಕೋಡ್ ಇಟ್ಟು, ಮೇಲೆ 'ಜೂನ್ ಒಂದು ಕಸವಲ್ಲ' ಎಂದು ಶೀರ್ಷಿಕೆ ಕೊಟ್ಟೆ. ಹಟ್ಟಿ, ಹೊಳೆ, ಹೆಡ್‌ಮಾಸ್ತರರು, ಅಪ್ಪನ ಫೋನು ಎಲ್ಲ ಬರೆದು, ಈ ತಾರೀಖು ಸುಳ್ಳಾದರೂ ಹುಡುಗಿ ಸುಳ್ಳಲ್ಲ ಎಂದು ಮುಗಿಸಿ, ಇಂಗ್ಲಿಷಿಗೂ ತಿರುಗಿಸಿ ಹಾಕಿದೆ. ಮೊದಲ ಉತ್ತರ ಸಂಯೋಜಕರದೇ. ಒಂದು ಜಿಲ್ಲೆಗೋಸ್ಕರ ಎಲ್ಲರ ನಿಯಮ ಬದಲಾಯಿಸುವುದು ಕಷ್ಟ, ನಿಮ್ಮಲ್ಲಿ ಮಾತ್ರ ಇರುವ ಸಮಸ್ಯೆ ಇದು ಎಂದು ಸಭ್ಯವಾಗಿ ಬರೆದಿದ್ದರು. ಆಮೇಲೆ ಯಾರ ಮಾತೂ ಇಲ್ಲ. ಶನಿವಾರ, ಭಾನುವಾರ ನಾನು ರೊಟ್ಟಿ ಬಡಿಯುತ್ತಾ ಫೋನ್ ನೋಡುವುದು, ನೋಡಿ ರೊಟ್ಟಿ ಸೀಯಿಸುವುದು. ಇವತ್ತು ಹಂಚಿನ ಮ್ಯಾಲ ಯಾಕ ಸಿಟ್ಟು ಎಂದು ಅತ್ತೆ ಕೇಳಿದರು.

ಸೋಮವಾರ ಬೆಳಿಗ್ಗೆ ಹೊರದೇಶದ ವಿಶ್ವವಿದ್ಯಾಲಯವೊಂದರಿಂದ ಉತ್ತರ ಬಂದಿತ್ತು. ಅಲ್ಲಿ ಯುದ್ಧದಿಂದ ಓಡಿಬಂದು ಆಶ್ರಯ ಪಡೆದವರ ಮಕ್ಕಳು ಓದುತ್ತಾರಂತೆ. ಕಾಗದಪತ್ರ ಇಲ್ಲದೆ ಬಂದವರಿಗೆ ಗಡಿಯಲ್ಲಿ ಅಧಿಕಾರಿಗಳು ಬರೆದುಕೊಡುವ ಹುಟ್ಟಿದ ದಿನ ಜನವರಿ ಒಂದು. ಅಣ್ಣತಮ್ಮಂದಿರು, ಒಂದೇ ಮನೆಯ ಫೋನು. ನಿಯಮ ಅವರನ್ನೂ ನುಂಗುತ್ತಿತ್ತು. ಇವರು ತಮ್ಮ ಡೇಟಾದ್ದೇ ತಪ್ಪೆಂದು ನಾಚಿಕೊಂಡು, ಯಾರಿಗೂ ಹೇಳದೆ, ಬೇರ್ಪಡಿಸುತ್ತಲೇ ಇದ್ದರಂತೆ. ನಿಮ್ಮ ಜೂನ್ ಒಂದಕ್ಕೆ ನಮ್ಮ ಜನವರಿ ಒಂದರ ವಂದನೆ ಎಂದು ಬರೆದಿದ್ದರು. ನನ್ನ ಕೋಡನ್ನು ತಮ್ಮಲ್ಲಿ ಓಡಿಸಿ ನೋಡಿ, ಎರಡು ದೋಷ ತಿದ್ದಿ, ಒಪ್ಪಿಗೆಯ ಗುರುತನ್ನೂ ಹಾಕಿದ್ದರು. ಎಲ್ಲಾರ ಮನಿ ದ್ವಾಸಿನೂ ತೂತ ಎಂದು ಗ್ರಂಥಪಾಲಕರಿಗೆ ಫೋನಿನಲ್ಲಿ ಹೇಳಿದಾಗ ಅವರು ಎಷ್ಟೋ ಹೊತ್ತು ನಕ್ಕರು. ನನಗೆ ಮಾತ್ರ ಕಣ್ಣು ತುಂಬಿತ್ತು. ಆ ಊರು ಎಲ್ಲಿದೆಯೆಂದು ನಕಾಶೆಯಲ್ಲಿ ಹುಡುಕಿ ನೋಡಿದೆ.

ಮಧ್ಯಾಹ್ನ ಸಂಯೋಜಕರೇ ಕರೆ ಮಾಡಿದರು. ಈ ಸಲ ನಮಸ್ಕಾರ ಇತ್ತು.

"ಮೇಡಂ, ನಮ್ಮಜ್ಜಿಗೂ ಹುಟ್ಟಿದ ದಿನ ಗೊತ್ತಿರಲಿಲ್ಲ. ಓದ್ತಾ ಓದ್ತಾ ನೆನಪಾಯ್ತು. ಇವತ್ತೇ ಸೇರಿಸ್ತೀನಿ. ಲ್ಯಾಬಿನವರ ಜೊತೆ ನಾನೇ ಮಾತಾಡ್ತೀನಿ, ಆದರೆ ಅವರು ಹುಡುಗಿಯನ್ನ ನೋಡಬೇಕು ಅಂತಾರೆ."

ಒಂದನ್ನೊಂದು ನುಂಗಿದ್ದ ಖಾತೆಗಳನ್ನು ಮಂಗಳವಾರ ಶಹಾಪುರದ ಗ್ರಂಥಾಲಯದಲ್ಲಿ ಬಿಡಿಸಿದೆವು. ಗುರುತು ಉಳಿದಿದ್ದ ಕಡತಗಳು ತಾವಾಗಿ ತಮ್ಮ ಕಡೆ ಹೋದವು. ಗುರುತು ಅಳಿದಿದ್ದ ಕೆಲವನ್ನು ಒಂದೊಂದೇ ತೆರೆದು, ಇದು ಯಾರದು ಎಂದು ಕೇಳುತ್ತಾ ಹೋದೆ. ಕುರಿಮರಿಯೊಂದರ ಫೋಟೊ ಬಂದಾಗ ಇಬ್ಬರೂ ನನ್ನದೇ ಎಂದು ಜಗಳ ತೆಗೆದರು. ಅದನ್ನು ಇಬ್ಬರ ಕಡೆಯೂ ಇಟ್ಟೆವು. ಸಂಜೆಗೆ ಪರದೆಯ ಮೇಲೆ ಎರಡು ಪುಟ, ಒಂದರ ನೆತ್ತಿಗೆ ದೊಡ್ಡ ದೇವಮ್ಮ, ಇನ್ನೊಂದರ ನೆತ್ತಿಗೆ ಸಣ್ಣ ದೇವಮ್ಮ. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ತೆರೆದು ನೋಡಿದೆ. ಇಬ್ಬರೂ ಇದ್ದರು.

ಲ್ಯಾಬಿನವರ ವಿಡಿಯೊ ಕರೆ ಅದೇ ದಿನ. ಮೂವರು ಪರೀಕ್ಷಕರು, ಮುಖದಲ್ಲಿ ನಗು ಎಂಬುದಿಲ್ಲ. ನಾನು ಅಕ್ಕನ ಪಕ್ಕದಲ್ಲಿ ತಂಗಿಯನ್ನೂ ಕೂರಿಸಿದ್ದೆ. ನೋಡಲು ಇಬ್ಬರೂ ಒಂದೇ ಅಚ್ಚು, ಅದೇ ಮೂಗು, ಅದೇ ಗಲ್ಲ. ಮುಖ್ಯ ಪರೀಕ್ಷಕಿ ನೇರವಾಗಿ ಕೇಳಿದರು, ಈ ಬೀಜದ ಕೆಲಸ ನಿಮ್ಮಿಬ್ಬರಲ್ಲಿ ಯಾರದೆಂದು ನಾವು ಹೇಗೆ ನಂಬುವುದು? ದೊಡ್ಡವಳು ಬಾಯಿ ತೆರೆಯುವ ಮೊದಲೇ ಸಣ್ಣವಳು ಮುಂದೆ ಬಾಗಿದಳು.

"ಮೇಡಂ, ನನಗ ಬೀಜದ ಗಂಧಾನೇ ಇಲ್ರಿ. ಬೇಕಾದ್ರ ಕೇಳಿ ನೋಡ್ರಿ."

ಕೇಳಿದರು. ಸೊಟ್ಟ ಮೊಳಕೆಯನ್ನು ಯಾವ ಲೆಕ್ಕಕ್ಕೆ ಹಾಕುತ್ತೀ? ಇವಳು ಸ್ವಲ್ಪ ಯೋಚಿಸಿ, ಸೊಟ್ಟ ಇದ್ರೇನು ಮೊಳಕಿ ಮೊಳಕಿನೇ ಅಲ್ಲೇನ್ರಿ, ನಾ ಅಂತೂ ಲಾಭದಾಗೇ ತೋರಸ್ತೀನಿ ಎಂದಳು. ಪರೀಕ್ಷಕರಲ್ಲಿ ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಅಕ್ಕನಿಗೆ ತಡೆಯಲಾಗಲಿಲ್ಲ. ತಂಗಿಯ ತೊಡೆ ಚಿವುಟಿ, ಹಂಗಲ್ರಿ ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಸೊಟ್ಟ ಮೊಳಕೆ ಮೊಳೆತರೂ ಹೊಲದಲ್ಲಿ ಗಿಡವಾಗುವುದಿಲ್ಲ, ಅದನ್ನು ಬೇರೆ ಎಣಿಸಬೇಕು, ತಾನು ಮೊದಲ ವರ್ಷ ಅದನ್ನೂ ಒಳ್ಳೆಯದರಲ್ಲಿ ಸೇರಿಸಿ ಫಲಿತಾಂಶ ಕೆಡಿಸಿಕೊಂಡದ್ದು, ಕಾಗದಕ್ಕೆ ನೀರು ಜಾಸ್ತಿಯಾಗಿ ಕೊಳೆತದ್ದು, ಬೇಸಿಗೆಯಲ್ಲಿ ಸುರುಳಿಗಳನ್ನು ಹಾಸ್ಟೆಲಿನ ಕುಡಿಯುವ ನೀರಿನ ಗಡಿಗೆಯ ಪಕ್ಕ ತಂಪಿಗಿಟ್ಟು ವಾರ್ಡನ್ ಹತ್ತಿರ ಬೈಸಿಕೊಂಡದ್ದು, ಎಲ್ಲ ಬಂತು. ಪರೀಕ್ಷಕಿ ಕೊನೆಗೆ ಅವಳನ್ನು ತಡೆದು, ಇನ್ನೊಂದೇ ಪ್ರಶ್ನೆ, ಜಿಎಸ್‌ಟಿ ಎಂದರೇನು ಎಂದರು. ದೊಡ್ಡವಳು ತಂಗಿಯ ಮುಖ ನೋಡಿದಳು. ಆಗ ಮೂವರೂ ನಕ್ಕರು.

ಶನಿವಾರ ನಾನು ಬಟ್ಟೆ ಒಣಹಾಕುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನು. ಆ ಕಡೆ ಗಾಳಿ, ಕುರಿಗಳ ಕೂಗು, ನಡುವೆ ಗಂಡಸಿನ ದೊಡ್ಡ ದನಿ. ಭೀಮರಾಯಪ್ಪ. ಮಗಳಿಂದ ನನ್ನ ನಂಬರ್ ಇಸಿದುಕೊಂಡಿದ್ದನಂತೆ. ಬೆಳಿಗ್ಗೆ ಫೋನಿಗೆ ಏನೋ ಬಂತು, ರಾಮಸಮುದ್ರದ ಹತ್ತಿರ ಚಹಾದಂಗಡಿಯಲ್ಲಿ ಕೂತಿದ್ದವರಿಗೆ ಕೊಟ್ಟು ಓದಿಸಿದೆ, ಮತ್ತೊಬ್ಬರಿಗೂ ಕೊಟ್ಟು ಓದಿಸಿದೆ, ಇಬ್ಬರೂ ಒಂದೇ ಓದಿದರು ಎಂದ. ಏನು ಓದಿದರು ಎಂದು ಕೇಳಿದೆ.

"ದೊಡ್ಡ ದೇವಮ್ಮ, ನೀವು ಆಯ್ಕಿ ಆಗೀರಿ ಅಂತ ಬರದಾರಂತ್ರಿ. ಬರೇ ದೇವಮ್ಮ ಅಲ್ಲ, ದೊಡ್ಡ ದೇವಮ್ಮ ಅಂತ ಅದರಿ. ಅಷ್ಟು ದೂರದವ್ರಿಗೂ ಗೊತ್ತಾತು ನೋಡ್ರಿ, ನನಗ ಇಬ್ಬರು ಹೆಣ್ಮಕ್ಕಳು ಅದಾರ ಅಂತ."

ಹೌದು ಭೀಮರಾಯಪ್ಪ, ಗೊತ್ತಾಯಿತು ಎಂದೆ. ಒದ್ದೆ ಬಟ್ಟೆಯನ್ನೇ ಎದೆಗೆ ಒತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ. ಅವನು ಕುರಿಗಳಿಗೆ ಏನೋ ಗದರಿ, ಮತ್ತೆ ಫೋನಿಗೆ ಬಂದ.

"ಮತ್ತ ಸಣ್ಣಾಕಿದು ಯಾವಾಗ ಬರ್ತದ್ರಿ, ಮೇಡಂ?"